ಮಂದಪ್ರಕಾಶದ ಎರಡು ಛಾಯಾಚಿತ್ರಗಳು

ಛಾಯಾಗ್ರಹಣವಿದ್ಯೆಯು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲಿಯೇ ಬೆಳೆದುದು. 1839ರಲ್ಲಿ ಪ್ಯಾರಿಸ್ ನಗರದಲ್ಲಿ ದಗೇರ್ ಮಹಾಶಯನ ವಿಧಾನವು ಲೋಕಕ್ಕೆ ಪ್ರಕಟವಾದ ಮೇಲೆ ಬಹುಕಾಲದವರೆಗೆ ಚಿತ್ರಕ್ಕೆ ಪ್ರಖರವಾದ ಬೆಳಕು ಬೇಕಾಗಿತ್ತು. ಚಿತ್ರಕ್ಕೆ ಕುಳಿತವರು ಕಂಬದಂತೆ ಅಲುಗಾಡದಿರಬೇಕಾಗಿತ್ತು. ಆದರೆ ಮನುಷ್ಯನ ಬಾಳಿನ ಮುಖ್ಯ ಸಂಗತಿಗಳೆಷ್ಟೋ ನಡೆಯುವುದು ಮುಂಬೆಳಗಿನಲ್ಲಿ, ಮುಚ್ಚಂಜೆಯಲ್ಲಿ, ಇಲ್ಲವೆ ಮನೆಯೊಳಗಿನ ದೀಪದ ಮುಂದೆ. ಇವು ಆ ಕಾಲದ ಯಂತ್ರಕ್ಕೆ ವಶವಾಗುತ್ತಿರಲಿಲ್ಲ. ಈ ಕೊರತೆಗೆ ಪರಿಹಾರವಾಗಿ 1887ರಲ್ಲಿ ಜರ್ಮನಿಯ ಇಬ್ಬರು ವಿದ್ವಾಂಸರು ಮೆಗ್ನೀಸಿಯಂ ಪುಡಿಯನ್ನು ಒಮ್ಮೆಲೇ ಉರಿಸಿ ಮಿಂಚಿನಂತಹ ಬೆಳಕನ್ನು ಪಡೆಯುವ ಉಪಾಯವನ್ನು ತೋರಿಸಿದರು. ಮುಂದೆ 1930ರ ಸುಮಾರಿಗೆ ಆ ಬೆಂಕಿಯೇ ಗಾಜಿನ ಬುರುಡೆಯೊಳಕ್ಕೆ ಸೇರಿ ಫ್ಲ್ಯಾಷ್ ಬಲ್ಬ್ ಎನಿಸಿಕೊಂಡಿತು.

ಕತ್ತಲೆಯೇನೋ ಹಿಂಜರಿಯಿತು. ಆದರೆ ತಾರ್ಕಿಕರು ಹೇತುಗಳಲ್ಲಿ ಕಾರಕ, ಜ್ಞಾಪಕ ಎಂದು ಭೇದವನ್ನು ಹೇಳುವುದುಂಟು. ಕುಂಬಾರನು ಇಲ್ಲದ ಗಡಿಗೆಯನ್ನು ಮಾಡುತ್ತಾನೆ. ದೀಪವು ಇದ್ದ ಗಡಿಗೆಯನ್ನು ತೋರಿಸುತ್ತದೆ. ಫ್ಲ್ಯಾಷ್ ದೀಪವಾದರೋ ತೋರಿಸುವೆನೆಂದು ಬಂದು ಕುಂಬಾರನ ಕೆಲಸಕ್ಕೆ ಕೈಹಾಕುತ್ತದೆ. ಅದು ಬೆಳಗಿದ ಕೋಣೆಯಲ್ಲಿ ಮೊದಲಿದ್ದ ನೆರಳೂ ಉಳಿಯದು, ನೆರಳಿನಲ್ಲಿ ಕುಳಿತಿದ್ದವರ ಮುಖಭಾವವೂ ಉಳಿಯದು.

ಇನ್ನೊಂದು ಮಾರ್ಗವೂ ಇತ್ತು. ಇದ್ದ ಬೆಳಕು ಎಷ್ಟೇ ಅಲ್ಪವಾಗಿರಲಿ, ಅದನ್ನೇ ಸಂಗ್ರಹಿಸುವುದು. ಇದಕ್ಕೆ ಬಾಯಿ ಅಗಲವಾದ ಮಸೂರ ಬೇಕು, ಚುರುಕಾದ ಫಿಲ್ಮ್ ಬೇಕು, ಕೈಯಲ್ಲಿ ಅಡಗುವಂತಹ ಯಂತ್ರ ಬೇಕು. ವೆಟ್ಸ್ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಎಂಬ ಕುಶಲಿಯು ಸಿನಿಮಾ ಫಿಲ್ಮಿನ ಮೇಲೆ 24 ಮಿಲಿಮೀಟರ್ ಎತ್ತರ, 36 ಮಿಲಿಮೀಟರ್ ಅಗಲದ ಚಿಕ್ಕ ಚಿತ್ರವನ್ನು ತೆಗೆಯುವ ಕ್ಯಾಮೆರಾವನ್ನು ರಚಿಸಿದನು. 1925ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಪ್ರದರ್ಶಿತವಾದ ಅದರ ಹೆಸರು ಲೈಕಾ. 1932ರಲ್ಲಿ ಲೈಕಾಕ್ಕೂ, ಅದರ ಪ್ರತಿಸ್ಪರ್ಧಿಯಾಗಿ ಅದೇ ವರ್ಷ ಬಂದ ಕಾಂಟ್ಯಾಕ್ಸ್ ಯಂತ್ರಕ್ಕೂ, ಮಸೂರದೊಡನೆಯೇ ಚಲಿಸುವ ರೇಂಜ್‌ಫೈಂಡರ್, ಅಂದರೆ ದೂರಮಾಪಕ, ಜೊತೆಗೂಡಿತು.

ದೂರಮಾಪಕದ ತತ್ತ್ವವು ಸುಲಭವಾದುದು. ಒಂದು ಬೆರಳನ್ನು ಮೂಗಿನ ನೇರಕ್ಕೆ ಹಿಡಿದು ಎಡಗಣ್ಣು ಬಲಗಣ್ಣುಗಳನ್ನು ಒಂದೊಂದಾಗಿ ಮುಚ್ಚಿದರೆ ಬೆರಳು ಅತ್ತಿತ್ತ ಸರಿದಂತೆ ತೋರುತ್ತದೆ. ಹತ್ತಿರವಿದ್ದಷ್ಟೂ ಸರಿತ ಹೆಚ್ಚು. ಕ್ಯಾಮೆರಾದ ಮುಖದಲ್ಲಿಯೂ ಹೀಗೆಯೇ ಅಂತರವಿಟ್ಟು ಎರಡು ಕಿಂಡಿಗಳಿವೆ. ಅವುಗಳಿಂದ ಬಂದ ಎರಡು ಬಿಂಬಗಳು ಒಂದರ ಮೇಲೊಂದು ಬೀಳುತ್ತವೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಅವೆರಡೂ ಕೂಡಿ ಒಂದಾದರೆ ದೂರವು ಸರಿಯಾಯಿತೆಂದು ಅರ್ಥ. ಇಲ್ಲಿ ಕಣ್ಣು ಮಸೂರದ ಮೂಲಕ ನೋಡುವುದಿಲ್ಲವಾದುದರಿಂದ ಮಸೂರದ ಬಾಯಿಯನ್ನು ಎಷ್ಟು ಕಿರಿದು ಮಾಡಿದರೂ ಕಿಂಡಿಯ ನೋಟ ಮಬ್ಬಾಗದು. ಸಂಜೆಯಲ್ಲಿ ಇದೇ ದೊಡ್ಡ ಉಪಕಾರ. ಅಲ್ಲದೆ ಒಳಗೆ ಎಗರುವ ಕನ್ನಡಿಯಿಲ್ಲ. ಬಟ್ಟೆಯ ಪರದೆಯ ಷಟರ್ ಮೆಲ್ಲನೆ ಸರಿಯುತ್ತದೆ. ಉಸಿರು ಹಿಡಿದು ನಿಂತವನು ಸೆಕೆಂಡಿನ 15ನೆಯ ಒಂದಂಶದಷ್ಟು ಕಾಲ ಮುಕ್ಕಾಲಿಯಿಲ್ಲದೆ ಕ್ಯಾಮೆರಾವನ್ನು ಅಲುಗಿಸದೆ ಹಿಡಿಯಬಲ್ಲನು. ಆದರೆ ತಪ್ಪಿಗೆ ಎಡೆ ಬಹಳ ಕಡಿಮೆ. 50 ಮಿಲಿಮೀಟರ್ ನಾಭಿದೂರದ ಮಸೂರದ ಬಾಯನ್ನು ಅದರ ಅರ್ಧದಷ್ಟು ಅಗಲಕ್ಕೆ ತೆರೆದು 2 ಮೀಟರ್ ದೂರದವರನ್ನು ಚಿತ್ರಿಸಿದರೆ, ಸ್ಫುಟವಾಗಿ ಕಾಣುವ ಪದರದ ದಪ್ಪ ಒಂದು ಗೇಣಿಗಿಂತ ಹೆಚ್ಚಿರದು. ಕಣ್ಣಿಗೆ ಹೊಂದಿಸಿದರೆ ಬೆನ್ನಹಿಂದಿನ ಗೋಡೆ ಮಂಜಾಗುವುದು.

ಈ ಮಾರ್ಗದಲ್ಲಿ ಮೊದಲು ಹೆಸರಾದವರು ಬರ್ಲಿನ್ನಿನ ನ್ಯಾಯಶಾಸ್ತ್ರಪಂಡಿತ ಎರಿಕ್ ಸಾಲೊಮನ್. ಅವರು 1928ರಿಂದ ಗಾಜಿನ ಫಲಕಗಳ ಎರ್ಮಾನಾಕ್ಸ್ ಕ್ಯಾಮೆರಾದಿಂದಲೂ, ಅನಂತರ ಲೈಕಾದಿಂದಲೂ, ನ್ಯಾಯಾಲಯಗಳಲ್ಲಿ ಮತ್ತು ರಾಷ್ಟ್ರಸಂಘದ ಸಭೆಗಳಲ್ಲಿ ದೀಪದ ಬೆಳಕನ್ನೇ ನೆಚ್ಚಿ ಚಿತ್ರಗಳನ್ನು ತೆಗೆದರು. ಯೆಹೂದ್ಯರಾಗಿದ್ದ ಅವರನ್ನು 1944ರಲ್ಲಿ ಆಷ್‌ವಿಟ್ಸ್ ಶಿಬಿರದಲ್ಲಿ ಕೊಂದರು.

ಅವರ ತರುವಾಯದವರಲ್ಲಿ ಫ್ರಾನ್ಸ್ ದೇಶದ ಹೆನ್ರಿ ಕಾರ್ಟಿಯರ್ ಬ್ರೆಸನ್ ಅಗ್ರಗಣ್ಯರು. 1908ರಲ್ಲಿ ಜನಿಸಿದ ಅವರಿಗೆ ಲೈಕಾ ದೊರೆತುದು 1932ರಲ್ಲಿ. ಮಹಾಯುದ್ಧದಲ್ಲಿ ಸೆರೆಸಿಕ್ಕುವ ಮೊದಲು ಅದನ್ನು ಮಣ್ಣಿನಲ್ಲಿ ಹೂತಿಟ್ಟು, ಮೂರನೆಯ ಪ್ರಯತ್ನದಲ್ಲಿ ಸೆರೆಯಿಂದ ಪಾರಾದ ಮೇಲೆ ಅಗೆದು ತೆಗೆದರೆಂಬುದು ಪ್ರಸಿದ್ಧ. 1947ರಲ್ಲಿ ಮಿತ್ರರೊಡನೆ ಮ್ಯಾಗ್ನಮ್ ಎಂಬ ಛಾಯಾಗ್ರಾಹಕರ ಸಂಸ್ಥೆಯನ್ನು ಸ್ಥಾಪಿಸಿ, ಆ ವರ್ಷದ ಕೊನೆಯಲ್ಲಿ ಅವರು ಭಾರತಕ್ಕೆ ಬಂದರು. 1948ರ ಜನವರಿ 30ರಂದು ದೆಹಲಿಯ ಬಿರ್ಲಾ ಭವನದಲ್ಲಿ ಮಹಾತ್ಮರನ್ನು ಕಂಡು, ತಮ್ಮ ಚಿತ್ರಗಳ ಪುಸ್ತಕವೊಂದನ್ನು ತೋರಿಸಿ ಹೊರಟರು. ಅದೇ ಸಂಜೆ 5 ಗಂಟೆ 17 ನಿಮಿಷಕ್ಕೆ ಗುಂಡು ಹಾರಿತು. ಸುದ್ದಿ ಕೇಳಿ ಅವರು ಮರಳಿ ಬರುವಷ್ಟರಲ್ಲಿ ಬೆಳಕು ಹೊರಟುಹೋಗುತ್ತಿತ್ತು.

ಅಂದು ಅಲ್ಲಿಗೆ ಬಂದವರಲ್ಲಿ ಅಮೆರಿಕೆಯ ಲೈಫ್ ಪತ್ರಿಕೆಯ ಮಾರ್ಗರೆಟ್ ಬೋರ್ಕ್-ವೈಟ್ ಅವರೂ ಒಬ್ಬರು. ಚರಕದ ಹಿಂದೆ ಕುಳಿತು ಓದುತ್ತಿರುವ ಮಹಾತ್ಮರ ಸರ್ವಪರಿಚಿತವಾದ ಚಿತ್ರವು 1946ರಲ್ಲಿ ಈಕೆ ತೆಗೆದುದೇ. ಆಗ ನೂಲುವುದನ್ನು ಕಲಿತ ಮೇಲೆಯೇ ಈಕೆಗೆ ಒಳಗೆ ಪ್ರವೇಶ ದೊರೆಯಿತು; ಕೋಣೆ ಕತ್ತಲಾಗಿದ್ದರೂ ಮೂರು ಫ್ಲ್ಯಾಷ್ ಬಲ್ಬುಗಳಿಗೆ ಮಾತ್ರ ಅನುಮತಿ. ಮೊದಲೆರಡು ವ್ಯರ್ಥವಾಗಿ ಮೂರನೆಯದರಲ್ಲಿ ಕಾರ್ಯ ಸಿದ್ಧಿಸಿತು. ಇಂತಹವರು 30ರ ಸಂಜೆ ಮಹಾತ್ಮರ ಶರೀರವನ್ನು ಮಲಗಿಸಿದ್ದ ಕೋಣೆಯಲ್ಲಿ ಫ್ಲ್ಯಾಷನ್ನು ಬೆಳಗಿಸಿದರು. ಅಳುತ್ತ ಕುಳಿತಿದ್ದವರು ಕೆರಳಿದರು. ಫಿಲ್ಮನ್ನು ಹೊರಗೆಳೆದು ಬೆಳಕಿಗೊಡ್ಡಿ ಕೆಡಿಸಿದರು. ಈಕೆಯನ್ನು ಹೊರಗೆ ಕಳುಹಿಸಿದರು. ಮಹಾತ್ಮರಲ್ಲಿ ಈಕೆಗಿದ್ದ ಗೌರವ ಕಡಿಮೆಯದೆಂದು ಯಾರೂ ಹೇಳಲಾರರು. ಸಾವಿನ ಮನೆಯ ದೀಪಕ್ಕೆ ಒಂದು ಮರ್ಯಾದೆಯುಂಟು. ಈಕೆಯ ಕೈಯಲ್ಲಿದ್ದ ಸಲಕರಣೆಗೆ ಆ ಮರ್ಯಾದೆ ತಿಳಿಯದಾಗಿತ್ತು.

ಕಾರ್ಟಿಯರ್ ಬ್ರೆಸನ್ನರು ಫ್ಲ್ಯಾಷನ್ನು ಬಳಸುವವರಲ್ಲ. ಭವನದ ಬಾಗಿಲ ಬಳಿ ಎತ್ತರದಲ್ಲಿ ನಿಂತು ಜವಾಹರಲಾಲ್ ನೆಹರೂ ಅವರು ನೆರೆದ ಜನಕ್ಕೆ ಮರಣವಾರ್ತೆಯನ್ನು ತಿಳಿಸಿದಾಗ, ಅಲ್ಲಿದ್ದ ದೀಪದ ಬೆಳಕಿನಲ್ಲಿಯೇ ಅವರು ಚಿತ್ರವನ್ನು ತೆಗೆದರು. ಆ ಕಾಲದ ಚುರುಕಾದ ಫಿಲ್ಮಿನ ವೇಗವೂ 100ರ ಸುಮಾರಿನದು. ಈಗಿನ ಕ್ಯಾಮೆರಾಗಳಲ್ಲಿ ಸಾವಿರಗಟ್ಟಲೆ ವೇಗವನ್ನು ಗುಂಡಿಯೊತ್ತಿ ಪಡೆಯುವವರಿಗೆ ಇದು ಎಷ್ಟು ಅಲ್ಪವೆಂದು ಹೇಳಬೇಕಾಗಿಲ್ಲ. ಚಿತ್ರವು ಸ್ಫುಟವಾಗಿಲ್ಲ. ದೀಪದ ಪ್ರಭೆ ಹರಡಿದೆ; ಪ್ರಧಾನಿಯ ಮುಖದ ರೇಖೆಗಳು ಕರಗಿವೆ; ಸುತ್ತಲಿನ ಜನರು ಕಪ್ಪು ಆಕಾರಗಳಾಗಿದ್ದಾರೆ. ಪರೀಕ್ಷಕನೊಬ್ಬನು ಯಂತ್ರದ ದೃಷ್ಟಿಯಿಂದ ಅಂಕ ಹಾಕಿದರೆ ಇದು ತೇರ್ಗಡೆಯಾಗಲಾರದು. ಆದರೆ ಅಂದಿನ ಸಂಜೆ ಆ ಬಾಗಿಲಲ್ಲಿ ನಿಂತಿದ್ದವರ ಕಣ್ಣಿಗೂ ಇದಕ್ಕಿಂತ ಹೆಚ್ಚಾಗಿ ಏನು ತಾನೆ ಕಂಡೀತು? ಬೆಳಕು ಆರಿತೆಂದು ನೆಹರೂ ಅವರು ಆ ರಾತ್ರಿ ಆಕಾಶವಾಣಿಯಲ್ಲಿ ಹೇಳಿ, ಒಡನೆಯೇ ಆ ಮಾತನ್ನು ತಾವೇ ತಿದ್ದಿಕೊಂಡುದನ್ನು ವಾಚಕರು ಬಲ್ಲರು. ಆ ಮಾತಿನ ಹಿಂದಿದ್ದ ಕತ್ತಲೆ ಎಂತಹದೆಂಬುದಕ್ಕೆ ಈ ಮಸುಕಾದ ಚಿತ್ರವೇ ಸಾಕ್ಷಿ. ಫ್ಲ್ಯಾಷ್ ಬೆಳಗಿದ್ದರೆ ಅಂಗಿಯ ಗುಂಡಿಗಳನ್ನು ಎಣಿಸಬಹುದಾಗಿತ್ತು; ಸಂಜೆ ಮಾತ್ರ ಇರುತ್ತಿರಲಿಲ್ಲ.

ಸಂಧ್ಯೆಯೆಂಬ ಹೆಸರು ಸಾಯಂಕಾಲಕ್ಕೆ ಹೇಗೋ ಪ್ರಾತಃಕಾಲಕ್ಕೂ ಹಾಗೆಯೇ ಸಲ್ಲುತ್ತದೆ. ಆದರೆ ಛಾಯಾಗ್ರಾಹಕನಿಗೆ ಇವೆರಡೂ ಒಂದಲ್ಲ. ಸಂಜೆಯಲ್ಲಿ ಬೆಳಕು ಕುಗ್ಗುತ್ತ ಬಂದು ಅವನನ್ನು ಅವಸರಪಡಿಸುತ್ತದೆ. ಮುಂಜಾನೆ ಅದು ಏರುತ್ತ ಹೋಗಿ, ನಿಮಿಷದ ಹಿಂದೆ ಎಣಿಸಿಟ್ಟ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅದಲ್ಲದೆ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ಸೂರ್ಯಬಿಂಬದಿಂದ ನಿಜವಾದ ಅಪಾಯವೇ ಉಂಟು. ಮಸೂರಕ್ಕೂ ಷಟರಿನ ಬಟ್ಟೆಗೂ ನಡುವೆ ಕನ್ನಡಿಯ ಮರೆಯಿಲ್ಲವಾದುದರಿಂದ, ದೂರಕ್ಕೆ ಹೊಂದಿಸಿದ ಮಸೂರವನ್ನು ಏರಿದ ಸೂರ್ಯನ ಕಡೆಗೆ ತಿರುಗಿಸಿ ಹಿಡಿದರೆ ಬಟ್ಟೆಯಲ್ಲಿ ಸಣ್ಣ ತೂತು ಸುಡುವುದು. ಮುಂದಿನ ಚಿತ್ರಗಳಲ್ಲೆಲ್ಲ ಒಂದು ಬಿಳಿಯ ಚುಕ್ಕೆ. ಅದಕ್ಕಾಗಿ ಮುಚ್ಚಳ ಹಾಕಿಟ್ಟರೆ ಇನ್ನೊಂದು ತೊಡಕು: ಕಿಂಡಿಯಲ್ಲಿ ಎಲ್ಲವೂ ಚೆನ್ನಾಗಿ ಕಾಣುತ್ತಿರುವುದರಿಂದ ಮುಚ್ಚಳ ತೆಗೆಯಲು ಮರೆತವನಿಗೆ ಫಿಲ್ಮನ್ನು ತೊಳೆಯುವವರೆಗೂ ಅದು ತಿಳಿಯದು.

ಅದೇ 1948ರಲ್ಲಿ ಕಾರ್ಟಿಯರ್ ಬ್ರೆಸನ್ನರು ಶ್ರೀನಗರಕ್ಕೆ ಹೋದರು. ಊರಿನ ಪಕ್ಕದಲ್ಲಿಯೇ ಹರಿ ಪರ್ಬತ್ ಎಂಬ ಬೆಟ್ಟವಿದೆ. ಅದರ ಸುತ್ತ ಅಕ್ಬರನು ಕಟ್ಟಿಸಿದ ಗೋಡೆ. ಮೈಮೇಲೆ ಶಾರಿಕಾದೇವಿಯ ಗುಡಿಯೂ ಮಖ್ದೂಮ್ ಸಾಹೇಬರ ದರ್ಗಾವೂ ಇವೆ. ಆ ಬೆಟ್ಟದ ಇಳಿಜಾರಿನಲ್ಲಿ ಮುಸಲ್ಮಾನ ಸ್ತ್ರೀಯರು ಕೆಲವರು, ಹಿಮಾಲಯದ ಹಿಂದೆ ಮೂಡುವ ಸೂರ್ಯನ ಕಡೆಗೆ ತಿರುಗಿ ಪ್ರಾರ್ಥಿಸುತ್ತಿರುವ ಚಿತ್ರವನ್ನು ಅವರು ತೆಗೆದರು. ಕಣಿವೆಯ ಆಚೆ ಪರ್ವತಗಳು ಮೋಡಗಳಲ್ಲಿ ಬೆರೆತಿವೆ. ನಿಂತವರಲ್ಲಿ ಒಬ್ಬಾಕೆ ಅಂಗೈಗಳನ್ನು ಮೇಲಕ್ಕೆ ತೆರೆದು ಕೈಗಳನ್ನು ಮುಂದೆ ಚಾಚಿದ್ದಾಳೆ. ದೆಹಲಿಯ ಚಿತ್ರದಲ್ಲಿ ಕರಗಿಹೋದ ರೇಖೆಗಳು ಇಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ.

ಆ ವರ್ಷವೆಲ್ಲ ಕಾಶ್ಮೀರದಲ್ಲಿ ಯುದ್ಧ ನಡೆಯುತ್ತಿತ್ತು. ಕದನವಿರಾಮವಾದುದು 1949ರ ಜನವರಿ 1ರಂದು. ಚಿತ್ರದಲ್ಲಿ ಅದರ ಗುರುತಿಲ್ಲ. ಸ್ತ್ರೀಯರ ಬೆನ್ನು ನೋಡುವವರ ಕಡೆಗಿದೆ. ತಮ್ಮ ಹಿಂದೆ ಪರದೇಶದವನೊಬ್ಬನು ಕ್ಯಾಮೆರಾ ಹಿಡಿದು ನಿಂತಿರುವನೆಂದು ಅವರಿಗೆ ತಿಳಿದಿತ್ತೆನ್ನುವ ಸೂಚನೆ ಅವರ ನಿಲುವಿನಲ್ಲಿ ಎಲ್ಲಿಯೂ ಕಾಣುವುದಿಲ್ಲ.