ಹವಳಕ್ಕೆ ಸುಣ್ಣ

ಮನೆಯ ಗಾಜಿನ ತೊಟ್ಟಿಯಲ್ಲಿ ಜೀವಂತ ಹವಳ ಸಾಕುವವರ ಬಾಯಲ್ಲಿ ಓಡಾಡುವ ಒಂದು ಜರ್ಮನ್ ಪದವಿದೆ: ಕಾಲ್ಕ್‌ವಾಸರ್. ಇಂಗ್ಲಿಷಿನಲ್ಲಿ ಅದಕ್ಕೆ ಲೈಮ್‌ವಾಟರ್ ಎಂಬ ಹಳೆಯ ಪದವೇ ಇದೆ. ಆದರೂ ಇಂಗ್ಲಿಷ್ ಮಾತಾಡುವ ಹವಳಪ್ರಿಯರು ಜರ್ಮನ್ ಪದವನ್ನು ಹಾಗೆಯೇ ಉಳಿಸಿಕೊಂಡರು. ಅನುವಾದಿಸದೆ ಬಿಟ್ಟ ಪದ ಸಾಮಾನ್ಯವಾಗಿ ವಿದ್ಯೆ ಎಲ್ಲಿಂದ ಬಂತು ಎಂದು ಹೇಳುತ್ತದೆ. ಅನುವಾದವನ್ನೇ ಕಸುಬು ಮಾಡಿಕೊಂಡಿರುವ ನನಗೆ ಇಂಥ ಪದಗಳ ಬೆನ್ನು ಹತ್ತುವ ಚಟ.

ಕನ್ನಡದಲ್ಲಿ ಇದನ್ನು ಅನುವಾದಿಸುವ ಕಷ್ಟವೇ ಇಲ್ಲ. ಅದು ನಮ್ಮ ಶಾಲೆಯ ಸುಣ್ಣದ ತಿಳಿನೀರು. ಕೊಳವೆಯಲ್ಲಿ ಉಸಿರು ಊದಿದರೆ ಹಾಲಿನಂತೆ ಬೆಳ್ಳಗಾಗುತ್ತಿತ್ತಲ್ಲ, ಅದೇ. ಜರ್ಮನ್ನರ ಕಾಲ್ಕ್, ಇಂಗ್ಲಿಷಿನ ಚಾಕ್, 1808ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿ ಹೆಸರಿಟ್ಟ ಕ್ಯಾಲ್ಸಿಯಂ, ಈ ಮೂರಕ್ಕೂ ಮೂಲ ಲ್ಯಾಟಿನ್ನಿನ ‘ಕಾಲ್ಕ್ಸ್’. ನಮ್ಮ ಸುಣ್ಣ ಸಂಸ್ಕೃತದ ಚೂರ್ಣದಿಂದ ಪ್ರಾಕೃತದ ಚುಣ್ಣವಾಗಿ ಇಳಿದು ಬಂದದ್ದು. ಚಿಪ್ಪು ಸುಟ್ಟು ಮಾಡಿದ ಸುಣ್ಣದಿಂದ ಹೊಳಪೇರಿಸಿದ ಮದ್ರಾಸಿನ ಗೋಡೆಗಳನ್ನು ಬ್ರಿಟಿಷರು ‘ಚುನಾಮ್’ ಎಂದು ಕೊಂಡಾಡಿದ್ದೂ ಇದೇ ಪದದ ವಂಶ. ಗೋಡೆಗೂ ವೀಳ್ಯದೆಲೆಗೂ ಹಚ್ಚುವ ಸುಣ್ಣ ಹವಳದ ತೊಟ್ಟಿಗೆ ಹೇಗೆ ಬಂತು ಎಂಬುದೇ ಈ ಬಾರಿಯ ಕತೆ.

ಕತೆಗೆ ಮುಂಚೆ ಒಂದಿಷ್ಟು ಲೆಕ್ಕ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 420 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕ್ಷಾರೀಯತೆ, ಅಂದರೆ ಆಮ್ಲವನ್ನು ತಾಳಿಕೊಳ್ಳುವ ನೀರಿನ ಶಕ್ತಿ, ಸುಮಾರು 7 ಜರ್ಮನ್ ಡಿಗ್ರಿ. ಈ ಶಕ್ತಿ ಬಹುಪಾಲು ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟ್‌ಗಳಿಂದ ಬಂದದ್ದು. ಹವಳದ ಜೀವಿ ಇವೆರಡನ್ನೂ ನೀರಿನಿಂದ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಕಲ್ಲಿನ ಮನೆ ಕಟ್ಟಿಕೊಳ್ಳುತ್ತದೆ. ಹೀರುವುದು ಯಾವಾಗಲೂ ಒಂದೇ ಪ್ರಮಾಣದಲ್ಲಿ: ಕ್ಷಾರೀಯತೆ 1 ಡಿಗ್ರಿ ಇಳಿದರೆ ಕ್ಯಾಲ್ಸಿಯಂ ಲೀಟರಿಗೆ 7 ಮಿಲಿಗ್ರಾಂನಷ್ಟು ಇಳಿಯುತ್ತದೆ. ಹಾಗಾಗಿ 420ರ ಕ್ಯಾಲ್ಸಿಯಂ ಕಣಜ ಹೆಚ್ಚುಕಡಿಮೆ ತುಂಬಿಯೇ ಇರುವಾಗ 7ರ ಪುಟ್ಟ ಕಣಜ ತಳ ಕಾಣತೊಡಗಿರುತ್ತದೆ. ಕಡಲಿನಲ್ಲಿ ಇದು ಲೆಕ್ಕಕ್ಕೇ ಬರುವುದಿಲ್ಲ. 200 ಲೀಟರಿನ ತೊಟ್ಟಿಯಲ್ಲಿ ವಾರದೊಳಗೆ ಗೊತ್ತಾಗುತ್ತದೆ.

ಇದು ಗೊತ್ತಾಗಲು ಮನುಷ್ಯರಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. 1846ರಲ್ಲಿ ಆನ್ನಾ ಥಿನ್ ಎಂಬಾಕೆ ಇಂಗ್ಲೆಂಡಿನ ಟಾರ್ಕೀ ಕಡಲತೀರದಲ್ಲಿ ಕೆಲವು ಪುಟ್ಟ ಒಂಟಿ ಹವಳಗಳನ್ನು ಕಂಡು, ಜಾಡಿಯಲ್ಲಿ ಹಾಕಿಕೊಂಡು ಲಂಡನ್ನಿಗೆ ತಂದಳು. ಆಕೆಯ ಗಂಡ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ದೊಡ್ಡ ಪಾದ್ರಿ. ನೀರಿಗೆ ಗಾಳಿ ಸೇರಲೆಂದು ಮನೆಯ ಆಳು ದಿನವೂ ತೆರೆದ ಕಿಟಕಿಯ ಬಳಿ ನಿಂತು, ಕಾಫಿ ಆರಿಸುವಂತೆ, ಆ ಉಪ್ಪುನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೊಯ್ಯಬೇಕಾಗಿತ್ತು. ಮರುವರ್ಷ ಆಕೆ ಜೊತೆಗೆ ಕಡಲಪಾಚಿಯನ್ನೂ ಇಟ್ಟಳು. ಆ ಹವಳಗಳು ಸುಮಾರು ಮೂರು ವರ್ಷ ಬಾಳಿದವು. ಅವು ತಣ್ಣನೆಯ ಕಡಲಿನ, ನಿಧಾನವಾಗಿ ಬೆಳೆಯುವ ಜಾತಿ. ಸುಣ್ಣದ ಬೇಡಿಕೆ ಅಷ್ಟಕ್ಕಷ್ಟೆ, ಹಾಗಾಗಿ ಆ ಪ್ರಶ್ನೆ ಏಳಲೇ ಇಲ್ಲ.

1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಕೃತಕ ಕಡಲನೀರಿನ ಪಾಕವಿಧಾನವನ್ನು ಪ್ರಕಟಿಸಿದ. ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್, ಇಷ್ಟೇ. ಕ್ಯಾಲ್ಸಿಯಂ ಪಟ್ಟಿಯಲ್ಲೇ ಇಲ್ಲ! ತೊಟ್ಟಿಯ ತಳದಲ್ಲಿ ಹಾಸಿದ ಚಿಪ್ಪು, ಹವಳದ ಚೂರುಗಳಿಂದ ಸುಣ್ಣ ತಾನಾಗಿ ಸಿಗುತ್ತದೆ ಎಂಬುದು ಅವನ ಎಣಿಕೆ. ಆದರೆ ಕಡಲನೀರು ಆ ಕಲ್ಲನ್ನು ಸುಲಭವಾಗಿ ಕರಗಿಸುವುದಿಲ್ಲ. ಕರಗಿಸುವಂತಿದ್ದರೆ ಹವಳದ ದಿಬ್ಬಗಳೇ ಇರುತ್ತಿರಲಿಲ್ಲ. ತಳದ ಚಿಪ್ಪು ಸಾಕು ಎಂಬ ನಂಬಿಕೆ ಮಾತ್ರ ಬಹಳ ಕಾಲ ಉಳಿಯಿತು.

1961ರಲ್ಲಿ ಜಕಾರ್ತದ ಲೀ ಚಿನ್ ಎಂಗ್ ಅಮೆರಿಕದ ಅಕ್ವೇರಿಯಂ ಪತ್ರಿಕೆಯೊಂದರಲ್ಲಿ ತನ್ನ ‘ನಿಸರ್ಗ ಪದ್ಧತಿ’ಯನ್ನು ವಿವರಿಸಿದ. ಕಡಲಿನಿಂದ ತಂದ ಜೀವಂತ ಕಲ್ಲು, ಕಡಲಿನದೇ ನೀರು, ಬಿಸಿಲು, ಒಂದಿಷ್ಟು ಗಾಳಿಗುಳ್ಳೆ. ಅವನ ತೊಟ್ಟಿಗಳಲ್ಲಿ ಹವಳ ನಲಿಯುತ್ತಿತ್ತು. ಅದನ್ನು ಓದಿ ಯುರೋಪಿನಲ್ಲಿ, ಅಮೆರಿಕದಲ್ಲಿ ಹಾಗೆಯೇ ಮಾಡಿ ನೋಡಿದ ಅನೇಕರಿಗೆ ಫಲ ದಕ್ಕಲಿಲ್ಲ. ಅವರಿಗೂ ಅವನಿಗೂ ಒಂದು ದೊಡ್ಡ ವ್ಯತ್ಯಾಸವಿತ್ತು: ಜಕಾರ್ತದ ಮನುಷ್ಯನಿಗೆ ಕಡಲು ಹಿತ್ತಲಲ್ಲೇ ಇತ್ತು.

ಕಡಲಿಲ್ಲದ ಊರಿನವರೇ ಕೊನೆಗೆ ಲೆಕ್ಕ ಬಿಡಿಸಿದ್ದು ಆಕಸ್ಮಿಕವಲ್ಲ. ಸ್ವಿಟ್ಜರ್ಲೆಂಡಿನ ಪೀಟರ್ ವಿಲ್ಕೆನ್ಸ್ 1973ರಲ್ಲಿ ಜರ್ಮನ್ ಭಾಷೆಯಲ್ಲಿ, ಮೀನುಗಳನ್ನು ಬಿಟ್ಟು ಹವಳದಂಥ ಕಡಲ ಜೀವಿಗಳ ಸಾಕಣೆಯ ಬಗ್ಗೆಯೇ ಪುಸ್ತಕ ಬರೆದ. ತೊಟ್ಟಿಯಿಂದ ದಿನವೂ ಆವಿಯಾಗಿ ಹೋಗುವ ನೀರಿನ ಬದಲಿಗೆ ಸುಣ್ಣದ ತಿಳಿನೀರನ್ನು ಹನಿಸಿ ಎಂದು ಹೇಳಿಕೊಟ್ಟವನು ಅವನೇ. ಬರ್ಲಿನ್ನಿನಲ್ಲಿ ಡೀಟ್ರಿಚ್ ಸ್ಟ್ಯೂಬರ್ ಮತ್ತು ಗೆಳೆಯರು ಇದಕ್ಕೆ ಜೀವಂತ ಕಲ್ಲು, ಪ್ರಖರ ಬೆಳಕು, ನೊರೆಯ ಜೊತೆ ಕೊಳೆಯನ್ನು ತೆಗೆಯುವ ಸ್ಕಿಮ್ಮರ್ ಸೇರಿಸಿದರು. ಅದೇ ‘ಬರ್ಲಿನ್ ಪದ್ಧತಿ’ ಎಂದು ಹೆಸರಾಯಿತು. ಹವಳ ಬದುಕಿ ಉಳಿದದ್ದಷ್ಟೇ ಅಲ್ಲ, ಕೊಂಬೆ ಮುರಿದು ಗೆಳೆಯರಿಗೆ ಹಂಚುವಷ್ಟು ಬೆಳೆಯಿತು.

ಸುಣ್ಣದ ನೀರಿನ ಗುಟ್ಟು ಏನು? ಅದಕ್ಕೂ ಮುಂಚೆ ಜನ ಕ್ಯಾಲ್ಸಿಯಂ ಕ್ಲೋರೈಡ್ ಒಂದನ್ನೇ ಸುರಿದು ನೋಡಿದ್ದರು, ಅಡುಗೆ ಸೋಡಾ ಒಂದನ್ನೇ ಹಾಕಿಯೂ ನೋಡಿದ್ದರು. ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಎಂಬ ಹಾಗೆ. ಒಂದು ಏರಿದರೆ ಇನ್ನೊಂದು ಹಿಂದೆ ಬೀಳುತ್ತದೆ. ಎರಡೂ ಮಿತಿಮೀರಿದರೆ ಕಲ್ಲಾಗಿ ಹೀಟರಿಗೂ ಪಂಪಿಗೂ ಅಂಟಿಕೊಳ್ಳುತ್ತವೆ. ಅರಳಿದ ಸುಣ್ಣವಾದರೋ ಹವಳ ಹೀರುವ ಪ್ರಮಾಣದಲ್ಲೇ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಬೇರೆ ಯಾವ ಉಪ್ಪೂ ನೀರಿನಲ್ಲಿ ಉಳಿಯುವುದಿಲ್ಲ.

ಆದರೆ ಸುಣ್ಣಕ್ಕೆ ಅದರದೇ ಕಟ್ಟುಪಾಡುಗಳು. ಎಲೆಗೆ ಸುಣ್ಣ ಹೆಚ್ಚಾದರೆ ನಾಲಗೆ ಏನಾಗುತ್ತದೆಂದು ನಿಮಗೆ ಗೊತ್ತು. ತಿಳಿನೀರಿನ ಪಿಎಚ್ 12 ದಾಟುತ್ತದೆ, ಒಂದೇ ಸಲ ಸುರಿದರೆ ತೊಟ್ಟಿಯೇ ಸ್ಮಶಾನ. ಅದಕ್ಕೇ ಹನಿಹನಿಯಾಗಿ, ಅದೂ ನೀರಿನ ಪಿಎಚ್ ತಾನಾಗಿ ಇಳಿಯುವ ರಾತ್ರಿಯ ಹೊತ್ತಿನಲ್ಲಿ ಹನಿಸುವ ರೂಢಿ ಬಂತು. ಪಾತ್ರೆಯ ಬಾಯಿ ಮುಚ್ಚಿರಬೇಕು. 1750ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ತೋರಿಸಿದಂತೆ ಸುಣ್ಣದ ನೀರು ಇಂಗಾಲದ ಡೈಆಕ್ಸೈಡನ್ನು ಹಿಡಿದು ಮತ್ತೆ ಸುಣ್ಣದ ಕಲ್ಲಾಗಿ ತಳಕ್ಕೆ ಕೂರುತ್ತದೆ. ಎಲ್ಲಕ್ಕಿಂತ ದೊಡ್ಡ ಮಿತಿ ಆವಿಯದು. 200 ಲೀಟರ್ ನೀರಿನಲ್ಲಿ ಹವಳ ದಿನಕ್ಕೆ 1 ಡಿಗ್ರಿ ಕ್ಷಾರೀಯತೆ ಹೀರಿದರೆ ಪೂರ್ಣ ಗಟ್ಟಿಯಾದ ತಿಳಿನೀರು ಸುಮಾರು ಒಂದೂಮುಕ್ಕಾಲು ಲೀಟರ್ ಬೇಕು. ಅಷ್ಟು ನೀರು ಆವಿಯಾಗದಿದ್ದರೆ ಹನಿಸಲು ಜಾಗವೇ ಇಲ್ಲ.

ಈ ಮಿತಿ ಮೀರಲು 1990ರ ದಶಕದಲ್ಲಿ ಜರ್ಮನಿಯಲ್ಲೇ ಎರಡು ದಾರಿ ತೆರೆದವು. ಒಂದು ಕ್ಯಾಲ್ಸಿಯಂ ರಿಯಾಕ್ಟರ್: ಸತ್ತ ಹವಳದ ಚೂರು ತುಂಬಿದ ಕೊಳವೆಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು, ನೀರನ್ನು ಆಮ್ಲೀಯಗೊಳಿಸಿ, ಕಲ್ಲನ್ನು ಕರಗಿಸಿ ತೊಟ್ಟಿಗೆ ಉಣಿಸುವುದು. ಗಾಸ್ ಎಣಿಸಿದ್ದು ಕೊನೆಗೂ ನಡೆಯಿತು, ಆದರೆ ಕೊಳವೆಯ ಒಳಗೆ. ಇನ್ನೊಂದು ಹಾನ್ಸ್-ವರ್ನರ್ ಬಾಲಿಂಗ್ ಹೆಸರಿನ ಪದ್ಧತಿ. ಕ್ಯಾಲ್ಸಿಯಂ ಒಂದು ಬಾಟಲಿಯಲ್ಲಿ, ಸೋಡಾ ಇನ್ನೊಂದರಲ್ಲಿ, ಎರಡನ್ನೂ ಸಮತೂಕದಲ್ಲಿ ಬೇರೆಬೇರೆಯಾಗಿ ಹಾಕುವುದು. ಇವೆರಡು ಸೇರಿ ಉಳಿಸುವ ಅಡುಗೆ ಉಪ್ಪಿನಿಂದ ನೀರಿನ ಸಮತೋಲ ಕೆಡದಿರಲು, ಆ ಉಪ್ಪೊಂದನ್ನು ಬಿಟ್ಟ ಕಡಲುಪ್ಪು ಮೂರನೆಯ ಬಾಟಲಿಯಲ್ಲಿ. ಇಂದು ಮೋಟಾರು ಪಂಪುಗಳು ಮಿಲಿಲೀಟರ್ ಲೆಕ್ಕದಲ್ಲಿ ಇದನ್ನು ಮಾಡುತ್ತವೆ. ಆದರೂ ಕ್ಷಾರೀಯತೆಯನ್ನು ಅಳೆಯುವುದು ಜರ್ಮನ್ ಡಿಗ್ರಿಯಲ್ಲೇ. ಒಂದು ಡಿಗ್ರಿ ಎಂದರೆ ಮೂಲದಲ್ಲಿ ಲೀಟರಿಗೆ 10 ಮಿಲಿಗ್ರಾಂ ಸುಟ್ಟ ಸುಣ್ಣ. ಅಳತೆಯ ಹೆಸರಿನಲ್ಲೂ ಸುಣ್ಣದ ಗೂಡಿನ ಬೂದಿ ಅಂಟಿಕೊಂಡಿದೆ.

ಹವ್ಯಾಸಿಗಳು ತೊಟ್ಟಿಯಲ್ಲಿ ಕಲಿತದ್ದನ್ನು ವಿಜ್ಞಾನಿಗಳು ಕಡಲಿಗೂ ಹಚ್ಚಿ ನೋಡಿದ್ದಾರೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೆಚ್ಚಿದಂತೆ ಕಡಲಿನ ಕಾರ್ಬೊನೇಟ್ ಕುಗ್ಗುತ್ತಿದೆ. 2014ರಲ್ಲಿ ರೆಬೆಕಾ ಆಲ್‌ಬ್ರೈಟ್, ಕೆನ್ ಕಾಲ್ಡೀರಾ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಒನ್ ಟ್ರೀ ದ್ವೀಪದ ಹವಳದ ಮೇಲೆ ಹರಿಯುವ ನೀರಿಗೆ ಕ್ಷಾರ ಬೆರೆಸಿ, ಅದನ್ನು ಕೈಗಾರಿಕಾಯುಗದ ಹಿಂದಿನ ಸ್ಥಿತಿಗೆ ಹತ್ತಿರ ತಂದರು. ಹವಳ ಕಲ್ಲು ಕಟ್ಟುವ ವೇಗ ಸುಮಾರು ಶೇ. 7ರಷ್ಟು ಏರಿತು. ತೊಟ್ಟಿಯ ಲೆಕ್ಕ ಕಡಲಿಗೂ ಸರಿಯೇ. ಆದರೆ ಒಂದು ಪುಟ್ಟ ಜಾಗಕ್ಕೆ ಕೆಲವು ದಿನ ಮಾಡಿದ್ದನ್ನು ಇಡೀ ಕಡಲಿಗೆ ದಿನವೂ ಮಾಡುವವರು ಯಾರು?

ಚೆನ್ನೈಯಲ್ಲೋ ಮುಂಬೈಯಲ್ಲೋ ಇದನ್ನು ಓದುತ್ತಿರುವ ನಮ್ಮ ಪಾಲಿಗೆ ಈ ಕತೆಗೆ ಇನ್ನೊಂದು ಮಗ್ಗುಲಿದೆ. ಯುರೋಪಿನ ಹವ್ಯಾಸಿಗಳು ಸುಣ್ಣ ಕರಗಿಸಿ ಹವಳ ಬೆಳೆಸುತ್ತಿದ್ದ ಅದೇ ದಶಕಗಳಲ್ಲಿ, ತೂತ್ತುಕುಡಿಯ ಬಳಿ ಮನ್ನಾರ್ ಕೊಲ್ಲಿಯಲ್ಲಿ ಹವಳವನ್ನು ಒಡೆದು ತಂದು ಸುಣ್ಣಕ್ಕೂ ಕಾರ್ಖಾನೆಗಳಿಗೂ ಕೊಡಲಾಗುತ್ತಿತ್ತು. ಅಲ್ಲಿನ 21 ದ್ವೀಪಗಳಲ್ಲಿ ಎರಡು, ಪೂವರಸನ್‌ಪಟ್ಟಿ ಮತ್ತು ವಿಲಂಗುಚಲ್ಲಿ, ಈಗ ನೀರಿನಡಿಗೆ ಸರಿದಿವೆ. ಅಲೆ ತಡೆಯುವ ಹವಳವನ್ನು ಅಗೆದದ್ದೇ ಅದಕ್ಕೆ ಮುಖ್ಯ ಕಾರಣ ಎಂದು ಅಧ್ಯಯನಗಳು ಹೇಳುತ್ತವೆ. 2001ರಲ್ಲಿ ಕಲ್ಲು ಕಟ್ಟುವ ಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 1ನೇ ಅನುಸೂಚಿಗೆ, ಹುಲಿಯ ಸಾಲಿಗೆ, ಸೇರಿದವು. ಮನ್ನಾರಿನ ಹವಳವಿರಲಿ, ಮುರುಡೇಶ್ವರದ ಆಚೆಯ ನೇತ್ರಾಣಿಯದಿರಲಿ, ಒಂದು ಕೊಂಬೆ ಕಿತ್ತು ತಂದರೂ ಅಪರಾಧ. ಅಂಗಡಿಯಲ್ಲಿ ಹವಳ ಕೊಳ್ಳುವವರು ಅದು ಎಲ್ಲಿಂದ ಬಂತು, ಕಾಗದಪತ್ರ ಇದೆಯೇ ಎಂದು ಕೇಳಲೇಬೇಕು.

ಸುಣ್ಣವನ್ನು ಹವಳವಾಗಿಸಲು ತೊಟ್ಟಿಯಲ್ಲಿ ರಾತ್ರಿಯಿಡೀ ಹನಿಸುತ್ತ ವರ್ಷಗಟ್ಟಲೆ ಕಾಯಬೇಕು. ಹವಳವನ್ನು ಸುಣ್ಣವಾಗಿಸಲು ಗೂಡಿನಲ್ಲಿ ಬೆಂಕಿ ಹಾಕಿದರೆ ಸಾಕು.