ಸರ್ವರ್‌ನಲ್ಲಿ ದತ್ತಾಂಶ ನಿರ್ವಹಣಾ ಸಾಧನಗಳ ಅನುಸ್ಥಾಪನೆ ವಿಫಲವಾದಾಗ: ಅರ್ಜಿದಾರರು ಹಾಗೂ ಸೇವಾ ಕೇಂದ್ರಗಳ ಮಾಹಿತಿಗಾಗಿ

ಸೇವೆಗಳಿಗಾಗಿ ಕಚೇರಿಗೆ ಬರುವ ನಾಗರಿಕರಿಗೆ ಕೆಲವೊಮ್ಮೆ "ಸರ್ವರ್‌ಗೆ ತಂತ್ರಾಂಶ ಹಾಕುತ್ತಿದ್ದಾರೆ, ಆಗುತ್ತಿಲ್ಲ" ಎಂಬ ಉತ್ತರ ದೊರೆಯುತ್ತದೆ. ಈ ಹಿಂದೆ ಸಲ್ಲಿಸಿದ ಅರ್ಜಿಯೇ ಅಳಿಸಿಹೋಯಿತೇನೋ ಎಂಬ ಆತಂಕ ಆಗ ಸಹಜ. ಸದರಿ ಆತಂಕಕ್ಕೆ ಕಾರಣವಿದೆಯೇ ಎಂಬುದನ್ನೂ, ಸ್ವಂತ ಸರ್ವರ್ ಇರುವ ಸಹಕಾರ ಸಂಘಗಳು ಹಾಗೂ ಸೇವಾ ಕೇಂದ್ರಗಳ ಸಿಬ್ಬಂದಿ ಅನುಸರಿಸಬೇಕಾದ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ದತ್ತಾಂಶ ಬೇರೆ, ಸಾಧನ ಬೇರೆ

ಅರ್ಜಿಗಳ ವಿವರವನ್ನು ಕಾಪಾಡುವುದು ಡೇಟಾಬೇಸ್ ಎಂಜಿನ್. ಅದನ್ನು ತೆರೆದು ನೋಡಲು, ಪ್ರತಿ ತೆಗೆಯಲು ಬಳಸುವ ಸಾಧನ ಮ್ಯಾನೇಜ್‌ಮೆಂಟ್ ಸ್ಟುಡಿಯೋ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಖಾತೆ ಪುಸ್ತಕ ಕಪಾಟಿನಲ್ಲಿ ಭದ್ರವಾಗಿದೆ. ಅದನ್ನು ಬಿಡಿಸಿಟ್ಟು ನೋಡುವ ಮೇಜು ಮಾತ್ರ ಸಿದ್ಧವಾಗಿಲ್ಲ. ಸಾಧನದ ಅನುಸ್ಥಾಪನೆ ವಿಫಲವಾದ ಮಾತ್ರಕ್ಕೆ ದಾಖಲೆಗಳು ನಾಶವಾಗುವುದಿಲ್ಲ.

ಅಪಾಯವಿರುವುದು ಅನಂತರದ ಆತುರದಲ್ಲಿ. ಎಲ್ಲವನ್ನೂ ತೆಗೆದು ಹೊಸದಾಗಿ ಹಾಕುವ ಭರದಲ್ಲಿ ಹಳೆಯ ಕಡತಕೋಶಗಳನ್ನು ಅಳಿಸಿದರೆ, 'ಎಂಡಿಎಫ್' ಮತ್ತು 'ಎಲ್‌ಡಿಎಫ್' ಎಂದು ಕೊನೆಗೊಳ್ಳುವ ಕಡತಗಳೂ, ಅಂದರೆ ನಿಜವಾದ ದಾಖಲೆಗಳೂ, ಹೋಗಬಹುದು. ಆದ್ದರಿಂದ ಬೇರೆ ಯಾವುದೇ ಕ್ರಮಕ್ಕೆ ಮುನ್ನ ದತ್ತಾಂಶದ ಪ್ರತಿ ತೆಗೆಯತಕ್ಕದ್ದು. ಇದಕ್ಕೆ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಅಗತ್ಯವಿಲ್ಲ. ಸಾಮಾನ್ಯವಾಗಿ ಎಂಜಿನ್ ಜೊತೆಗೇ ಬಂದಿರುವ 'ಎಸ್‌ಕ್ಯೂಎಲ್‌ಸಿಎಂಡಿ' ಮೂಲಕ 'ಬ್ಯಾಕಪ್ ಡೇಟಾಬೇಸ್' ಆದೇಶ ನೀಡಿ, ಪ್ರತಿಯನ್ನು ಬೇರೊಂದು ಗಣಕಯಂತ್ರಕ್ಕೆ ವರ್ಗಾಯಿಸಬಹುದು.

ಕಾರಣ ಪತ್ತೆ ಮಾಡುವ ಕ್ರಮ

ಪರದೆಯ ಮೇಲಿನ ಸಂದೇಶವೊಂದನ್ನೇ ನಂಬಬಾರದು. 1603 ಎಂಬ ಸಂಖ್ಯೆ ಕಂಡರೆ ಅನುಸ್ಥಾಪನೆ ವಿಫಲವಾಗಿದೆ ಎಂದಷ್ಟೇ ಅರ್ಥ, ಕಾರಣ ಅದರಲ್ಲಿಲ್ಲ. 3010 ವೈಫಲ್ಯವೇ ಅಲ್ಲ, ಕೆಲಸ ಮುಗಿದಿದೆ, ಗಣಕಯಂತ್ರವನ್ನು ಮರುಪ್ರಾರಂಭಿಸಬೇಕು ಎಂಬ ಸೂಚನೆ. ನಿಜವಾದ ಕಾರಣ 'ಸೆಟಪ್ ಬೂಟ್‌ಸ್ಟ್ರ್ಯಾಪ್' ಕಡತಕೋಶದೊಳಗಿನ 'ಲಾಗ್' ಭಾಗದಲ್ಲಿ 'ಸಮರಿ' ಎಂಬ ಪಠ್ಯ ಕಡತದಲ್ಲಿರುತ್ತದೆ. ಪ್ರತ್ಯೇಕವಾಗಿ ಹಾಕುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದ ದಾಖಲೆಗಳು ಬಳಕೆದಾರರ 'ಟೆಂಪ್' ಕಡತಕೋಶದಲ್ಲಿ ದೊರೆಯುತ್ತವೆ. ವಿಂಡೋಸ್ ಇನ್‌ಸ್ಟಾಲರ್ ಬರೆದ ವಿವರವಾದ ಲಾಗ್‌ನಲ್ಲಿ 'ರಿಟರ್ನ್ ವ್ಯಾಲ್ಯೂ 3' ಎಂಬುದನ್ನು ಹುಡುಕಿ, ಅದರ ಮೇಲಿನ ಕೆಲವು ಸಾಲುಗಳನ್ನು ಓದತಕ್ಕದ್ದು.

2012 ಮತ್ತು 2014ರ ಆವೃತ್ತಿಗಳಲ್ಲಿ ಹೆಚ್ಚಾಗಿ ಕಾಡುವುದು ಡಾಟ್‌ನೆಟ್ ಫ್ರೇಮ್‌ವರ್ಕ್ 3.5ರ ಕೊರತೆ. ವಿಂಡೋಸ್ ಸರ್ವರ್ 2012ರಿಂದ ಈಚೆಗೆ ಅದರ ಕಡತಗಳು ಡಿಸ್ಕ್‌ನಲ್ಲಿ ಇರುವುದಿಲ್ಲ. ಅಂತರ್ಜಾಲ ಸಂಪರ್ಕವಿಲ್ಲದ ಸರ್ವರ್‌ಗೆ ವಿಂಡೋಸ್ ಅನುಸ್ಥಾಪನಾ ಡಿಸ್ಕ್‌ನ 'ಸೋರ್ಸಸ್' ಕಡತಕೋಶದೊಳಗಿನ 'ಎಸ್‌ಎಕ್ಸ್‌ಎಸ್' ಭಾಗವನ್ನು ತೋರಿಸಬೇಕು. ಎಸ್‌ಕ್ಯೂಎಲ್ ಸರ್ವರ್ 2008ರಲ್ಲಿ, 2005ರ ಎಕ್ಸ್‌ಪ್ರೆಸ್ ಸಾಧನಗಳ ಅವಶೇಷವೂ ಅಡ್ಡಿಯಾಗುತ್ತದೆ.

"ಮರುಪ್ರಾರಂಭ ಬಾಕಿ ಇದೆ" ಎಂಬ ತಡೆ ಬಂದಲ್ಲಿ ಮೊದಲು ಮರುಪ್ರಾರಂಭಿಸುವುದೇ ಸರಿ. ರಿಜಿಸ್ಟ್ರಿಯ ನಮೂದನ್ನು ನೇರವಾಗಿ ಅಳಿಸುವ ಅಡ್ಡದಾರಿಯನ್ನು ಹಲವರು ಸೂಚಿಸುತ್ತಾರೆ; ಇನ್ನೊಂದು ತಂತ್ರಾಂಶದ ಅರ್ಧಕ್ಕೆ ನಿಂತ ಕೆಲಸ ಅದರಿಂದ ಕೆಡಬಹುದು. ಮರುಪ್ರಾರಂಭಿಸುವಾಗ ಎಂಜಿನ್ ಕೂಡ ನಿಲ್ಲುವುದರಿಂದ ಕಚೇರಿ ವೇಳೆಯ ನಂತರ, ಕೌಂಟರ್‌ನಲ್ಲಿ ಮುಂಚಿತವಾಗಿ ಸೂಚನಾ ಫಲಕ ಹಾಕಿ ಮಾಡತಕ್ಕದ್ದು.

2016ರ ಆವೃತ್ತಿಯಿಂದ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಮುಖ್ಯ ಡಿಸ್ಕ್‌ನಲ್ಲಿ ಬರುವುದಿಲ್ಲ. ಅಲ್ಲಿ ಹುಡುಕಿ ಸಿಗದಿದ್ದರೆ ಅದು ದೋಷವಲ್ಲ. ಸಾಧನ ಸರ್ವರ್‌ನಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ಸಿಬ್ಬಂದಿಯ ಗಣಕಯಂತ್ರದಲ್ಲಿ ಹಾಕಿ, ಕಚೇರಿಯ ಜಾಲದ ಮೂಲಕ ಸಂಪರ್ಕಿಸಬಹುದು. ಸರ್ವರ್ ಅನ್ನು ಮುಟ್ಟದೆಯೇ ಕೆಲಸವಾಗುವುದರಿಂದ ಈ ವಿಧಾನವೇ ಲೇಸು. ಎಸ್‌ಕ್ಯೂಎಲ್ ಸರ್ವರ್ 2012ಕ್ಕೆ 2022ರ ಜುಲೈ 12ರಂದು, 2014ಕ್ಕೆ 2024ರ ಜುಲೈ 9ರಂದು ತಯಾರಕರ ವಿಸ್ತೃತ ಬೆಂಬಲ ಮುಗಿದಿದೆ. ಇವುಗಳನ್ನು ಇನ್ನೂ ಬಳಸುತ್ತಿರುವವರು ದುರಸ್ತಿಗಿಂತ ಬದಲಾವಣೆಯನ್ನು ಯೋಚಿಸುವುದು ಒಳಿತು.

ಅರ್ಜಿದಾರರ ಗಮನಕ್ಕೆ

ಸ್ವೀಕೃತಿ ಪತ್ರ ಪಡೆದಿರುವವರು ಅದೇ ಅರ್ಜಿಯನ್ನು ಮತ್ತೆ ಸಲ್ಲಿಸಬೇಕಾಗಿಲ್ಲ, ಶುಲ್ಕವನ್ನೂ ಮತ್ತೆ ಪಾವತಿಸಬೇಕಾಗಿಲ್ಲ. ಸಕಾಲ ವ್ಯಾಪ್ತಿಯ ಸೇವೆಯಾದಲ್ಲಿ ಪತ್ರದಲ್ಲಿರುವ 15 ಅಂಕಿಗಳ ಸಂಖ್ಯೆಯನ್ನು ಜೋಪಾನವಾಗಿಡತಕ್ಕದ್ದು. ಶುಲ್ಕ ಕಡಿತವಾಗಿಯೂ ಸ್ವೀಕೃತಿ ಬಾರದಿದ್ದಲ್ಲಿ, ಹಣ ಸಂದಾಯದ ವಹಿವಾಟು ಸಂಖ್ಯೆ ಹಾಗೂ ದಿನಾಂಕವನ್ನು ಬರೆದುಕೊಂಡು ಸಂಬಂಧಪಟ್ಟ ವಿಷಯ ನಿರ್ವಾಹಕರಿಗೆ ಲಿಖಿತವಾಗಿ ತಿಳಿಸಿ, ಮನವಿಯ ಪ್ರತಿಯ ಮೇಲೆ ಕಚೇರಿಯ ಮೊಹರು ಪಡೆಯಲು ಕೋರಿದೆ.