ಅಂಗಸಾಧನೆ: ಆರಂಭದ ಕ್ರಮ

ದೇಹಬಲ, ಉಸಿರಿನ ತಾಳಿಕೆ, ಕೀಲುಗಳ ಸಡಿಲಿಕೆ ಮತ್ತು ನಿಲುವಿನ ಸ್ಥೈರ್ಯ ಎಂಬ ನಾಲ್ಕನ್ನೂ ಜೊತೆಜೊತೆಯಾಗಿ ಬೆಳೆಯಿಸುವ ಉದ್ದೇಶದಿಂದ ನಿಯತವಾಗಿ ಕೈಕೊಳ್ಳುವ ಪರಿಶ್ರಮಕ್ಕೆ ಅಂಗಸಾಧನೆಯೆಂದು ಹೆಸರು. ಇವುಗಳಲ್ಲಿ ಒಂದನ್ನೇ ಹಿಡಿದು ಉಳಿದವನ್ನು ಮರೆತ ಸಾಧನೆಯು ಎಷ್ಟೇ ಉಗ್ರವಾಗಿದ್ದರೂ ಸಮತೋಲವೆನಿಸದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126-1138) ಮಾನಸೋಲ್ಲಾಸದಲ್ಲಿ ಮಲ್ಲರ ಅಭ್ಯಾಸವನ್ನು ಹೇಳುವಾಗ ಭಾರಶ್ರಮ, ಭ್ರಮಣಶ್ರಮ, ಸಲಿಲಶ್ರಮ, ಸ್ತಂಭಶ್ರಮಗಳನ್ನು, ಎಂದರೆ ಭಾರವೆತ್ತುವಿಕೆ, ನಡಿಗೆ, ನೀರಿನಲ್ಲಿನ ಅಭ್ಯಾಸ, ಕಂಬದ ಸಾಧನೆಗಳನ್ನು, ಬೇರೆಬೇರೆಯಾಗಿ ಎಣಿಸಿರುವುದನ್ನು ಕಂಡರೆ ಈ ತಿಳಿವಳಿಕೆ ಕನ್ನಡನಾಡಿಗೆ ಹೊಸದಲ್ಲವೆಂಬುದು ಸ್ಪಷ್ಟ.

ಮೈಸೂರು ಸೀಮೆಯಲ್ಲಿ ಇದರ ಪಾಠಶಾಲೆ ಗರಡಿಮನೆ. ಅಲ್ಲಿ ಉಸ್ತಾದನ ಕಣ್ಣಳತೆಯಲ್ಲಿ ಹುಡುಗರು ದಂಡ ಹೊಡೆದು, ಬಸ್ಕಿ ತೆಗೆದು, ಗದೆ ತಿರುಗಿಸಿ, ಮೈ ಹದಗೊಂಡ ಮೇಲೆಯೇ ಕುಸ್ತಿಯ ಮಟ್ಟಿಗಿಳಿಯುತ್ತಿದ್ದರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ತೆರೆದ ಟಿ. ಕೃಷ್ಣಮಾಚಾರ್ಯರು ಆಸನಗಳಿಗೆ ಉಸಿರಿನ ಲಯವನ್ನು ಜೋಡಿಸಿ ಕಲಿಸಿದರೆ, ಬೆಂಗಳೂರಿನಲ್ಲಿ ‘ಶಾಂತಲಾ’ ಕಾದಂಬರಿಯ ಕರ್ತೃವೂ ಆದ ಕೆ.ವಿ. ಅಯ್ಯರ್ ಅವರು ಭಾರದ ಸಾಧನೆಯೊಡನೆ ಸೂರ್ಯನಮಸ್ಕಾರವನ್ನು ಬೆರೆಸಿದರು. ಗರಡಿಯ ಬಾಗಿಲು ಬಹುಕಾಲ ಸ್ತ್ರೀಯರಿಗೆ ಮುಚ್ಚಿತ್ತು. ಅದಕ್ಕೆ ಆಚಾರ ಕಾರಣವೇ ಹೊರತು ಶರೀರಧರ್ಮವಲ್ಲ.

ಆರಂಭಿಸುವವನು ಮೊದಲು ವಿಚಾರಿಸಬೇಕಾದದ್ದು ತನ್ನ ದೇಹ ಈಗಾಗಲೇ ಯಾವ ಕೆಲಸವನ್ನು ಮಾಡುತ್ತಿದೆ ಎಂಬುದನ್ನು. ಕೃಷ್ಣರಾಜನಗರದ ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸೂ, ಹುಣಸೂರು-ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲದಲ್ಲಿ ಬುಡದ ಎಲೆಯಿಂದ ಮೊದಲುಗೊಂಡು ಸೊಪ್ಪು ಮುರಿದು ಅದನ್ನು ಹದಮಾಡುವ ಬ್ಯಾರನ್ನಿಗೆ ಹೊರುವ ಆಳೂ ದಿನವಿಡೀ ಮುಂಬಾಗಿಯೇ ದುಡಿಯುವರಾದ್ದರಿಂದ ಅವರಿಗೆ ಬಲಕ್ಕಿಂತ ಮಿಗಿಲಾಗಿ ಬೇಕಾದುದು ಬೆನ್ನನ್ನು ಹಿಂದಕ್ಕೆ ಬಿಚ್ಚುವ, ಎದೆಯನ್ನು ತೆರೆಯುವ ಸಾಧನೆ. ಇದಕ್ಕೆ ಭುಜಂಗಾಸನದಂಥ ಸರಳಾಸನವೇ ಸಾಕು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅಥವಾ ಕಚೇರಿಯ ಮೇಜಿನೆದುರು ಕುಳಿತವನಿಗಾದರೋ ಕಾಲೂ ಉಸಿರೂ ಎರಡೂ ದುಡಿಯಬೇಕು. ಕೂಲಿಮಾಡುವವನಿಗೆ ವ್ಯಾಯಾಮ ಬೇಡವೆಂಬ ಮಾತು ಈ ಭೇದವನ್ನರಿಯದವರ ಮಾತು.

ಎಷ್ಟು ಮಾಡಬೇಕೆಂಬ ಪ್ರಶ್ನೆಗೆ ಆಯುರ್ವೇದದ ಉತ್ತರ ಇಂದಿಗೂ ಹಳತಾಗಿಲ್ಲ. ತನ್ನ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂದೂ, ಛಳಿಗಾಲ ಮತ್ತು ವಸಂತಗಳೇ ಅದಕ್ಕೆ ಪ್ರಶಸ್ತವೆಂದೂ ವಾಗ್ಭಟನು ವಿಧಿಸುತ್ತಾನೆ. ಆ ಅರ್ಧವನ್ನು ಗುರುತಿಸುವ ಬಗೆಯನ್ನು ಹೇಳುವ ಸುಶ್ರುತನು ಉಸಿರು ಬಾಯಿಗೆ ಬರುವುದನ್ನೇ ಲಕ್ಷಣವಾಗಿ ಕೊಡುತ್ತಾನೆ. ನಡೆಯುತ್ತ ಮಾತನಾಡಲು ಬರಬೇಕು, ಹಾಡಲು ಬರಬಾರದು ಎಂಬ ಇಂದಿನ ಶಿಕ್ಷಕರ ಅಳತೆಯೂ ಇದರ ಸಮೀಪದ್ದೇ. ಈ ಸಂಯಮಕ್ಕೆ ಶಾರೀರಕ ಕಾರಣವುಂಟು: ಮೊದಲ ಕೆಲವು ವಾರಗಳಲ್ಲಿ ಹೆಚ್ಚಿದಂತೆ ತೋರುವ ಬಲವು ಬಹುಮಟ್ಟಿಗೆ ನರಗಳ ಶಿಕ್ಷಣದಿಂದ ಬಂದುದು, ಮಾಂಸಖಂಡಗಳು ಬೆಳೆಯುವುದು ಅನಂತರ, ಅವುಗಳನ್ನು ಎಲುಬಿಗೆ ಬಿಗಿದ ಸ್ನಾಯುರಜ್ಜುಗಳು ಗಟ್ಟಿಯಾಗುವುದು ಇನ್ನೂ ನಿಧಾನವಾಗಿ, ಆದುದರಿಂದ ಉತ್ಸಾಹಕ್ಕೆ ತಕ್ಕಂತೆ ಭಾರವನ್ನೇರಿಸಿದವನ ಕೀಲುಗಳು ನೋಯುವುದರಲ್ಲಿ ಆಶ್ಚರ್ಯವಿಲ್ಲ. ಅಭ್ಯಾಸದ ಮರುದಿನವೂ ಅದರ ಮರುದಿನವೂ ಕಾಣುವ ಮೈಕೈನೋವು ಸಹಜವಾದುದು, ತಾನೇ ಇಳಿಯುವುದು. ಕೀಲಿನಲ್ಲಿ ಚುಚ್ಚುವ ನೋವು ಬೇರೆ ಜಾತಿಯದು, ಅಲ್ಲಿ ನಿಲ್ಲಿಸುವುದೇ ಸರಿ.

ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪರಿಶ್ರಮವನ್ನೂ, ಕಡಿಮೆಯೆಂದರೆ ಎರಡು ದಿನ ಬಲಸಾಧನೆಯನ್ನೂ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಇದು ಮುಟ್ಟಬೇಕಾದ ಮಟ್ಟವೇ ಹೊರತು ಹೊರಡುವ ಸ್ಥಳವಲ್ಲ. ಹತ್ತು ನಿಮಿಷದ ನಡಿಗೆಯನ್ನು ವಾರವಾರವೂ ಸ್ವಲ್ಪಸ್ವಲ್ಪ ಬೆಳೆಯಿಸಿ, ದಿನಕ್ಕೆ ಅರ್ಧಗಂಟೆಯಂತೆ ವಾರದಲ್ಲಿ ಐದು ದಿನಕ್ಕೆ ತರಲು ಎರಡು ಮೂರು ತಿಂಗಳು ಹಿಡಿದರೂ ಚಿಂತೆಯಿಲ್ಲ. ದಂಡವನ್ನು ಗೋಡೆಗೆ ಕೈಯೂರಿ ಮೊದಲುಮಾಡಿ, ಜಗಲಿಯ ಅಂಚಿಗೆ ಇಳಿದು, ಕೊನೆಗೆ ನೆಲಕ್ಕೆ ಬರಬೇಕು. ಬಸ್ಕಿಯನ್ನು ಬೆಂಚಿನ ಮೇಲೆ ಕುಳಿತೇಳುವುದರಿಂದ ತೊಡಗಬೇಕು. ಆದರೆ ದಂಡಬಸ್ಕಿಗಳೆರಡರಿಂದಲೇ ಸಾಧನೆ ಪೂರ್ಣವಾಯಿತೆನ್ನುವಂತಿಲ್ಲ, ಏಕೆಂದರೆ ಅವುಗಳಲ್ಲಿ ತಳ್ಳುವುದುಂಟು, ಸೆಳೆಯುವುದಿಲ್ಲ. ಹಿಂದೆ ಆ ಕೊರತೆಯನ್ನು ಸೇದುವ ಬಾವಿಯ ಹಗ್ಗ ದಿನವೂ ತುಂಬುತ್ತಿತ್ತು; ನಲ್ಲಿ ಬಂದ ಮೇಲೆ, ಬೆನ್ನು ನೆಟ್ಟಗಿಟ್ಟು ಸೊಂಟದಲ್ಲಿ ಬಾಗಿ, ಅಳವಿಗೆ ತಕ್ಕಷ್ಟು ನೀರಿರುವ ಬಿಂದಿಗೆಯನ್ನು ಪಕ್ಕೆಯವರೆಗೆ ಎತ್ತಿ ಇಳಿಸುವುದು ಆ ಸ್ಥಾನಕ್ಕೆ ಬರಬಲ್ಲದು.

ವೃದ್ಧರಿಗೆ ನಿಲುವಿನ ಸ್ಥೈರ್ಯವೇ ಮುಖ್ಯ, ಅದಕ್ಕೆ ಒದಗುವ ಅಭ್ಯಾಸ ನಿತ್ಯಾಚಾರದಲ್ಲಿಯೇ ಸಿಗಬಹುದು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ 1972ರಲ್ಲಿ ಏರ್ಪಟ್ಟ ಟಿಬೆಟನ್ನರ ವಸತಿಯಲ್ಲಿ ಬಾಳುವ ಬೌದ್ಧಸಂಪ್ರದಾಯದಲ್ಲಿ ಪವಿತ್ರಸ್ಥಾನಗಳನ್ನು ಬಲಕ್ಕಿಟ್ಟುಕೊಂಡು ಸುತ್ತುವ ಪ್ರದಕ್ಷಿಣೆಯೂ, ನಿಂತು ಮಂಡಿಯೂರಿ ನೀಳವಾಗಿ ಮಲಗಿ ಮತ್ತೆ ಏಳುವ ಸಾಷ್ಟಾಂಗವೂ ಭಕ್ತಿಕ್ರಿಯೆಗಳೇ ಆಗಿದ್ದರೂ, ಅಂಗಸಾಧನೆಯ ದೃಷ್ಟಿಯಿಂದ ಮೊದಲನೆಯದು ನಡಿಗೆ, ಎರಡನೆಯದು ಸೂರ್ಯನಮಸ್ಕಾರದ ನೆರೆಯದು.

ಹೆಗ್ಗಡದೇವನಕೋಟೆ, ಹುಣಸೂರುಗಳ ಕಾಡಂಚಿನ ಗ್ರಾಮಗಳಲ್ಲಿ ನಸುಕಿನ ನಡಿಗೆಯನ್ನು ಯಾರೂ ಉಪದೇಶಿಸಲಾರರು. ನಾಗರಹೊಳೆಯ ಆನೆಗಳು ಹೊಲದಿಂದ ಕಾಡಿಗೆ ಮರಳುವ ವೇಳೆಯೂ ಅದೇ, ಆದ್ದರಿಂದ ಬೆಳಕು ಹರಿದ ಮೇಲೆ ಜೊತೆಗಾರರೊಡನೆ ಹೊರಡುವುದು ಲೇಸು. ಎದೆನೋವು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇರುವವರು ವೈದ್ಯರನ್ನು ಕಂಡೇ ತೊಡಗಬೇಕು. ಸೊಪ್ಪು ಮುರಿಯುವ ತಿಂಗಳುಗಳಲ್ಲಿ ಬಲಸಾಧನೆಯನ್ನು ಬಿಟ್ಟು ಬೆನ್ನು ಬಿಚ್ಚುವ ಆಸನಗಳನ್ನು ಮಾತ್ರ ಉಳಿಸಿಕೊಂಡವನು, ಸುಗ್ಗಿ ಕಳೆದು ಮತ್ತೆ ತೊಡಗುವಾಗ, ಬಿಟ್ಟ ಎಣಿಕೆಯ ಅರ್ಧದಿಂದ ಆರಂಭಿಸತಕ್ಕದ್ದು.